ರೈಲು ಸುರಕ್ಷತೆ: ಪ್ರಯಾಣಿಕರು ಪದೇ ಪದೇ ಕೇಳುವ ಪ್ರಶ್ನೆಗಳು

ಅರಸೀಕೆರೆ–ಬೆಂಗಳೂರು ನಡುವೆ ಹದಿನೈದು ವರ್ಷದಿಂದ ರೈಲಲ್ಲೇ ಓಡಾಡುತ್ತಿದ್ದೇನೆ. ರೈಲ್ವೆ ನೌಕರನಲ್ಲ, ಬರೀ ಪ್ಯಾಸೆಂಜರ್. ಆದರೂ ಎಲ್ಲೋ ಒಂದು ಕಡೆ ರೈಲು ಉರುಳಿದ ಸುದ್ದಿ ಬಂದರೆ ಸಾಕು, ನೆಂಟರಿಷ್ಟರಿಂದ ಹಿಡಿದು ಎದುರು ಸೀಟಿನವರವರೆಗೆ ಎಲ್ಲರೂ ನನ್ನನ್ನೇ ಕೇಳುತ್ತಾರೆ. ಕೇಳುವುದೂ ಹೆಚ್ಚುಕಮ್ಮಿ ಅವೇ ಪ್ರಶ್ನೆ. ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ಇಷ್ಟೊಂದು ಅಪಘಾತ ಆಗ್ತಿವೆಯಲ್ಲ, ರೈಲಲ್ಲಿ ಹೋಗೋದು ಸೇಫಾ?

ಹೋಗಿ. ಮಳೆಗಾಲದ ರಾತ್ರಿ ಹೈವೇಯಲ್ಲಿ ಕಾರು ಓಡಿಸಿಕೊಂಡು ಊರಿಗೆ ಹೋಗುವುದಕ್ಕಿಂತ ಸ್ಲೀಪರ್ ಬೋಗಿಯಲ್ಲಿ ಮಲಗಿ ಹೋಗುವುದು ಎಷ್ಟೋ ಮೇಲು. ರೈಲ್ವೆ ಲೆಕ್ಕದಲ್ಲಿ 2000-01ರಲ್ಲಿ 473 ಗಂಭೀರ ಅಪಘಾತ ಆಗಿದ್ದವು, 2023-24ರಲ್ಲಿ 40. ಈ ಇಳಿಕೆ ಸುಳ್ಳಲ್ಲ. ಕಾವಲಿಲ್ಲದ ಗೇಟುಗಳನ್ನು ತೆಗೆದದ್ದು, ಹಳೆ ಹಳಿ ಬದಲಿಸಿದ್ದು, ಹೊಸ ಮಾದರಿಯ ಬೋಗಿ ಬಂದದ್ದು ಎಲ್ಲ ಸೇರಿ ಆದ ಕೆಲಸ.

ಆದರೆ ಈ ಅಂಕಿಯೊಳಗೆ ಯಾರು ಇಲ್ಲ ಅನ್ನುವುದನ್ನೂ ನೋಡಬೇಕು. ಬಾಗಿಲಲ್ಲಿ ನೇತಾಡುತ್ತಾ ಬಿದ್ದವರು, ಹಳಿ ದಾಟುವಾಗ ಸಿಕ್ಕಿಕೊಂಡವರು ಇದರಲ್ಲಿ ಬರುವುದಿಲ್ಲ. ಅವರನ್ನೂ ಸೇರಿಸಿ ಲೆಕ್ಕ ಹಾಕುವ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರ ಒಂದೇ ವರ್ಷದಲ್ಲಿ ಸತ್ತವರು 20 ಸಾವಿರಕ್ಕೂ ಹೆಚ್ಚು. ರೈಲು ಉರುಳಿ ಸಾಯುವವರಿಗಿಂತ ರೈಲಿನಿಂದ ಉರುಳಿ, ರೈಲಿನ ಅಡಿ ಸಿಕ್ಕಿ ಸಾಯುವವರು ಎಷ್ಟೋ ಪಾಲು ಜಾಸ್ತಿ. ಟಿವಿಯಲ್ಲಿ ಬರುವುದು ಮೊದಲಿನವರು ಮಾತ್ರ.

ಬಾಲಸೋರ್‌ನಲ್ಲಿ ನಿಜವಾಗಿ ಆಗಿದ್ದೇನು? ಡ್ರೈವರ್ ತಪ್ಪಾ?

ಅಲ್ಲ. 2023ರ ಜೂನ್ 2ರ ಸಂಜೆ ಒಡಿಶಾದ ಬಾಲಸೋರ್ ಜಿಲ್ಲೆಯ ಬಹನಾಗ ಬಜಾರ್ ನಿಲ್ದಾಣದಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್‌ಗೆ ಮೇನ್ ಲೈನಿಗೆ ಹಸಿರು ಸಿಗ್ನಲ್ ಇತ್ತು. ಲೋಕೋ ಪೈಲಟ್ ಅದನ್ನು ನಂಬಿ ಗಂಟೆಗೆ 128 ಕಿ.ಮೀ. ವೇಗದಲ್ಲಿ ಬಂದರು. ಆದರೆ ಹಳಿ ಕವಲೊಡೆಯುವ ಪಾಯಿಂಟ್ ಲೂಪ್ ಲೈನಿನ, ಅಂದರೆ ರೈಲು ಪಕ್ಕಕ್ಕೆ ನಿಲ್ಲಿಸುವ ಹಳಿಯ, ಕಡೆಗೆ ತಿರುಗಿತ್ತು. ಅಲ್ಲಿ ಕಬ್ಬಿಣದ ಅದಿರು ತುಂಬಿದ ಗೂಡ್ಸ್ ನಿಂತಿತ್ತು. ಗುದ್ದಿ ಚೆಲ್ಲಾಪಿಲ್ಲಿಯಾದ ಬೋಗಿಗಳು ಪಕ್ಕದ ಹಳಿಯಲ್ಲಿ ಹಾದುಹೋಗುತ್ತಿದ್ದ ಬೆಂಗಳೂರು–ಹೌರಾ ರೈಲಿನ ಕೊನೆಯ ಬೋಗಿಗಳಿಗೂ ಬಡಿದವು. ಸತ್ತವರು 290ಕ್ಕೂ ಹೆಚ್ಚು.

ಸಿಗ್ನಲ್ ಒಂದು ಹೇಳಿ ಪಾಯಿಂಟ್ ಇನ್ನೊಂದು ಹೇಳುವುದು ಸಾಧ್ಯವೇ ಇಲ್ಲ ಅನ್ನುವ ಹಾಗೆ ಕಟ್ಟಿಹಾಕಿರುವ ವ್ಯವಸ್ಥೆಗೇ ಇಂಟರ್‌ಲಾಕಿಂಗ್ ಎನ್ನುತ್ತಾರೆ. ಪಾಯಿಂಟ್ ಮೇನ್ ಲೈನಿಗೆ ಬಿದ್ದು ಬೀಗ ಹಾಕಿಕೊಂಡ ಮೇಲಷ್ಟೇ ಮೇನ್ ಲೈನಿನ ಹಸಿರು ದೀಪ ಹತ್ತಬೇಕು. ಬಹನಾಗದಲ್ಲಿ ಹಿಂದೊಮ್ಮೆ ಸಿಗ್ನಲ್ ವೈರಿಂಗ್ ಬದಲಿಸಿದಾಗ ಆದ ಲೋಪ, ಅದರ ಮೇಲೆ 94ನೇ ಗೇಟಿನ ತಡೆಗಂಬ ಬದಲಿಸುವ ಕೆಲಸದಲ್ಲಿ ಆದ ಲೋಪ, ಇವೆರಡೂ ಸೇರಿ ಬೀಗವೇ ಸುಳ್ಳು ಹೇಳಿತು ಎಂದು ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆ ಕಂಡುಕೊಂಡಿತು.

ಇದಕ್ಕಿಂತ ನನ್ನ ನಿದ್ದೆ ಕೆಡಿಸಿದ ವಿಷಯ ಇನ್ನೊಂದಿದೆ, ಅದು ನಮ್ಮ ಊರಿನ ಹತ್ತಿರದ್ದು. ಬಾಲಸೋರ್‌ಗೆ ನಾಲ್ಕು ತಿಂಗಳ ಮುಂಚೆ, 2023ರ ಫೆಬ್ರವರಿ 8ರಂದು, ಬೀರೂರು–ಚಿಕ್ಕಜಾಜೂರು ನಡುವಿನ ಹೊಸದುರ್ಗ ರೋಡ್ ನಿಲ್ದಾಣದಲ್ಲಿ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್ ತಪ್ಪು ಲೈನಿಗೆ ನುಗ್ಗುವುದರಲ್ಲಿತ್ತು. ಲೋಕೋ ಪೈಲಟ್ ಪಾಯಿಂಟ್ ನೋಡಿ ಬ್ರೇಕ್ ಹಾಕಿದರು. ಮರುದಿನವೇ ನೈರುತ್ಯ ರೈಲ್ವೆಯ ಹಿರಿಯ ಕಾರ್ಯಾಚರಣೆ ಅಧಿಕಾರಿ ಪತ್ರ ಬರೆದು ಎಚ್ಚರಿಸಿದರು: ಸ್ಟೇಷನ್ ಮಾಸ್ಟರ್ ಮುಂದಿನ ಪ್ಯಾನೆಲ್‌ನಲ್ಲಿ ದಾರಿ ಸರಿಯಾಗೇ ಕಾಣುತ್ತದೆ, ಸಿಗ್ನಲ್ ಕೊಟ್ಟ ಮೇಲೂ ಪಾಯಿಂಟ್ ಬದಲಾಗಬಹುದು, ಇದು ವ್ಯವಸ್ಥೆಯಲ್ಲೇ ಇರುವ ದೋಷ ಅಂತ. ಹೊಸದುರ್ಗ ರೋಡಿನಲ್ಲಿ ಯಾರೂ ಸಾಯಲಿಲ್ಲ, ಆದ್ದರಿಂದ ಅದು ಸುದ್ದಿಯಾಗಲಿಲ್ಲ. ಆ ಪತ್ರ ಎಲ್ಲರ ಕಣ್ಣಿಗೆ ಬಿದ್ದದ್ದು ಬಹನಾಗದಲ್ಲಿ ಹೆಣಗಳ ಸಾಲು ನೋಡಿದ ಮೇಲೆ.

ಕವಚ ಇದ್ದಿದ್ದರೆ ಅದು ತಪ್ಪುತ್ತಿತ್ತಾ?

ಕವಚ ಅಂದರೆ ಅಪಾಯವಿದ್ದಾಗ ರೈಲಿಗೆ ತಾನೇ ಬ್ರೇಕ್ ಹಾಕುವ ವ್ಯವಸ್ಥೆ. ಅದಿದ್ದರೂ ಬಹನಾಗದ್ದು ತಪ್ಪುತ್ತಿರಲಿಲ್ಲ. ರೈಲ್ವೆ ಮಂಡಳಿಯೇ ಹಾಗೆ ಹೇಳಿತು. ಕವಚ ಇಂಟರ್‌ಲಾಕಿಂಗ್ ಹೇಳಿದ್ದನ್ನೇ ನಂಬುತ್ತದೆ. ಬುಡವೇ ಸುಳ್ಳು ಹೇಳಿದರೆ ಕವಚಕ್ಕೂ ಅದೇ ಸುಳ್ಳು ತಲುಪುತ್ತದೆ.

ಹಾಗಂತ ಕವಚ ಬೇಡ ಅನ್ನಬೇಡಿ. ಹಳಿ ನಡುವೆ ಕೂರಿಸಿದ ಚಿಕ್ಕ ಟ್ಯಾಗ್‌ಗಳು, ಎಂಜಿನ್‌ನಲ್ಲಿ ಒಂದು ಪೆಟ್ಟಿಗೆ, ನಿಲ್ದಾಣದಲ್ಲಿ ಇನ್ನೊಂದು, ನಡುವೆ ರೇಡಿಯೊ ಟವರ್. ಕೆಂಪು ಸಿಗ್ನಲ್ ಹತ್ತಿರ ಬಂದರೂ ಲೋಕೋ ಪೈಲಟ್ ಬ್ರೇಕ್ ಹಾಕದಿದ್ದರೆ ಅದು ತಾನೇ ಹಾಕುತ್ತದೆ. 2012ರ ಮೇ 22ರ ನಸುಕಿನಲ್ಲಿ ಹುಬ್ಬಳ್ಳಿಯಿಂದ ಬರುತ್ತಿದ್ದ ಹಂಪಿ ಎಕ್ಸ್‌ಪ್ರೆಸ್ ಪೆನುಕೊಂಡದಲ್ಲಿ ನಿಂತಿದ್ದ ಗೂಡ್ಸ್‌ಗೆ ಗುದ್ದಿತಲ್ಲ, ಅಂಥದ್ದಕ್ಕೆ ಮಾಡಿದ್ದೇ ಇದು. ನಿದ್ದೆಗಣ್ಣಿನ, ಮಂಜಿನ, ಮನುಷ್ಯ ಸಹಜ ತಪ್ಪಿಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ.

ಈ ಕವಚದ ಮೊದಲ ಪರೀಕ್ಷೆಗಳು ನಡೆದದ್ದು ನಮ್ಮ ಗಡಿಯಲ್ಲೇ ಎನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಲಿಂಗಂಪಲ್ಲಿಯಿಂದ ವಿಕಾರಾಬಾದ್ ಮೇಲೆ ಕಲಬುರಗಿ ಜಿಲ್ಲೆಯ ವಾಡಿಗೆ ಬರುವ ದಾರಿ, ವಿಕಾರಾಬಾದ್‌ನಿಂದ ಬೀದರ್‌ಗೆ ಬರುವ ದಾರಿ, ಎರಡೂ ಸೇರಿ 250 ಕಿ.ಮೀ.; 2016ರಲ್ಲಿ ಪ್ರಯಾಣಿಕರ ರೈಲಿನಲ್ಲಿ ಪರೀಕ್ಷೆ ಶುರುವಾಯಿತು. 2020ರಲ್ಲಿ ಇದೇ ಇಡೀ ದೇಶದ ವ್ಯವಸ್ಥೆ ಎಂದು ಒಪ್ಪಿಕೊಂಡರು. ಆಮೇಲೆ ನೋಡಿ ಲೆಕ್ಕ: ಬಹನಾಗದ ಹೊತ್ತಿಗೆ ಕವಚ ಇದ್ದದ್ದು ದಕ್ಷಿಣ ಮಧ್ಯ ರೈಲ್ವೆಯ ಸುಮಾರು 1,465 ಕಿ.ಮೀ.ನಲ್ಲಿ. ದೇಶದ ರೈಲು ಮಾರ್ಗ 68 ಸಾವಿರ ಕಿ.ಮೀ.ಗೂ ಹೆಚ್ಚು. ಸುಧಾರಿಸಿದ 4.0 ಆವೃತ್ತಿಗೆ 2024ರ ಜುಲೈನಲ್ಲಿ ಒಪ್ಪಿಗೆ ಸಿಕ್ಕಿ, 2025ರ ಜುಲೈನಲ್ಲಿ ಕೋಟಾ–ಮಥುರಾ ನಡುವಿನ 324 ಕಿ.ಮೀ.ನಲ್ಲಿ ಅದು ಚಾಲೂ ಆಯಿತು. ಹೆಜ್ಜೆ ಸರಿಯಾದ ಕಡೆಗೇ ಇದೆ, ನಡಿಗೆ ಮಾತ್ರ ಬಸುರಿ ನಡಿಗೆ.

ಪ್ರತಿ ಸಲ ಯಾರೋ ಒಬ್ಬ ಡ್ರೈವರನ್ನೋ ಗೇಟ್‌ಮನ್ನನ್ನೋ ಹಿಡಿಯುತ್ತಾರಲ್ಲ?

ಹಿಡಿಯುವುದು ಸುಲಭ, ಅದಕ್ಕೆ. 2024ರ ಜೂನ್ 17ರಂದು ಪಶ್ಚಿಮ ಬಂಗಾಳದ ರಂಗಾಪಾಣಿ ಬಳಿ ಕಾಂಚನಜುಂಗಾ ಎಕ್ಸ್‌ಪ್ರೆಸ್‌ಗೆ ಹಿಂದಿನಿಂದ ಗೂಡ್ಸ್ ಗುದ್ದಿತು. ಗೂಡ್ಸ್‌ನ ಲೋಕೋ ಪೈಲಟ್ ಅಲ್ಲೇ ತೀರಿಹೋದರು, ಅವರ ಹೆಣ ತಣ್ಣಗಾಗುವ ಮುಂಚೆಯೇ ತಪ್ಪು ಅವರದೇ ಎಂಬ ಹೇಳಿಕೆ ಬಂತು. ಸುರಕ್ಷತಾ ಆಯುಕ್ತರು ಕೂತು ನೋಡಿದಾಗ ಸಿಕ್ಕಿದ್ದು ಬೇರೆ: ಬೆಳಿಗ್ಗೆಯಿಂದಲೇ ಸಿಗ್ನಲ್ ಕೆಟ್ಟಿತ್ತು, ಕೆಂಪು ದಾಟಲು ಕೊಟ್ಟ ಚೀಟಿಯೇ ತಪ್ಪು ಚೀಟಿ, ಸಿಗ್ನಲ್ ಕೆಟ್ಟಾಗ ಹೇಗೆ ಓಡಿಸಬೇಕೆಂಬ ತರಬೇತಿ ಲೋಕೋ ಪೈಲಟ್‌ಗಳಿಗೂ ಸ್ಟೇಷನ್ ಮಾಸ್ಟರ್‌ಗಳಿಗೂ ಸಾಲದು.

ಸತ್ತವರು ಎದ್ದು ಬಂದು ಉತ್ತರ ಕೊಡುವುದಿಲ್ಲವಲ್ಲ.

ತನಿಖೆ ಮಾಡುವವರು ಯಾರು? ರೈಲ್ವೆಯವರೇ ರೈಲ್ವೆಯನ್ನು ತನಿಖೆ ಮಾಡುತ್ತಾರಾ?

ರೈಲ್ವೆ ಸುರಕ್ಷತಾ ಆಯುಕ್ತರು ನಾಗರಿಕ ವಿಮಾನಯಾನ ಸಚಿವಾಲಯದ ಅಡಿ ಬರುತ್ತಾರೆ, ರೈಲ್ವೆ ಸಚಿವಾಲಯದ ಅಡಿ ಅಲ್ಲ. ವಿಚಿತ್ರ ಅನ್ನಿಸಿದರೂ ಕಾರಣ ಸರಿಯಾದದ್ದೇ. ಬ್ರಿಟಿಷರ ಕಾಲದಲ್ಲೇ, 1941ರಲ್ಲಿ, ಇವರನ್ನು ರೈಲ್ವೆ ಮಂಡಳಿಯ ಹಿಡಿತದಿಂದ ಬಿಡಿಸಿದರು. ದಕ್ಷಿಣ ವೃತ್ತದ ಆಯುಕ್ತರ ಕಚೇರಿ ಬೆಂಗಳೂರಿನಲ್ಲೇ ಇದೆ. ಹೊಸ ಹಳಿ ಹಾಕಿದರೆ ಇವರು ಬಂದು ನೋಡಿ ಸೈ ಅಂದ ಮೇಲಷ್ಟೇ ಪ್ರಯಾಣಿಕರ ರೈಲು ಓಡಬೇಕು.

ನನ್ನ ತಕರಾರು ಬೇರೆ. ವರದಿ ಬರೆಯುತ್ತಾರೆ, ಅದು ಜನರ ಕೈಗೆ ಸಿಗುವುದಿಲ್ಲ. ಸಿಬಿಐ ತನಿಖೆ ನಡೆಯುತ್ತಿದೆ ಎಂಬ ಕಾರಣ ಕೊಟ್ಟು ಬಹನಾಗದ ವರದಿಯನ್ನು ಬಹಿರಂಗ ಮಾಡಲಿಲ್ಲ. ಕಾರಣ ಏನೆಂದು ಅಧಿಕೃತವಾಗಿ ನಮಗೆ ತಿಳಿದದ್ದು ರಾಜ್ಯಸಭೆಯಲ್ಲಿ ಕೊಟ್ಟ ಉತ್ತರದ ಕೆಲವೇ ಸಾಲುಗಳಿಂದ. ವಿಮಾನ ಬಿದ್ದರೆ ತನಿಖಾ ವರದಿ ಯಾರು ಬೇಕಾದರೂ ಓದಬಹುದು. ರೈಲಿಗೆ ಯಾಕೆ ಆ ಮರ್ಯಾದೆ ಇಲ್ಲ?

ರೈಲು ಹಳಿ ತಪ್ಪುವುದು ಯಾಕೆ?

ಬೇಸಿಗೆಯಲ್ಲಿ ಹಳಿ ಹಿಗ್ಗಿ ಸೊಟ್ಟಗಾಗುತ್ತದೆ, ಚಳಿಯಲ್ಲಿ ಕುಗ್ಗಿ ಬೆಸುಗೆ ಬಳಿ ಬಿರುಕು ಬಿಡುತ್ತದೆ. ಜಲ್ಲಿ ಕೆಳಗಿನ ಮಣ್ಣು ಮಳೆಗೆ ಕೊಚ್ಚಿ ಹೋಗುತ್ತದೆ. ಗಾಲಿ ಸವೆಯುತ್ತದೆ. ಇಷ್ಟು ವರ್ಷ ನಾವು ಮಾಡಿದ ಪುಣ್ಯದ ಕೆಲಸ ಇನ್ನೊಂದಿದೆ: ಬೋಗಿಯ ಶೌಚಾಲಯ ನೇರವಾಗಿ ಹಳಿ ಮೇಲೆ ಬಿಡುತ್ತಿತ್ತಲ್ಲ, ಅದರಿಂದ ಹಳಿ, ಕ್ಲಿಪ್ ಎಲ್ಲ ತುಕ್ಕು ತಿನ್ನುತ್ತಿದ್ದವು. ಬಯೋ ಟಾಯ್ಲೆಟ್ ಬಂದದ್ದು ಬರೀ ಸ್ವಚ್ಛತೆಗೆ ಅಂದುಕೊಂಡವರೇ ಜಾಸ್ತಿ, ಅದು ಹಳಿಯ ಆಯುಸ್ಸಿಗೂ ಹೌದು.

ಇದನ್ನೆಲ್ಲ ಕಾಯುವವನು ಕೀಮನ್. ಒಮ್ಮೆ ಬಾಣಸಂದ್ರದ ಹತ್ತಿರ ನಮ್ಮ ರೈಲು ಸಿಗ್ನಲ್‌ಗೆ ನಿಂತಿತ್ತು. ಪಕ್ಕದ ಹಳಿಯಲ್ಲಿ ಒಬ್ಬರು ನಡೆದು ಬರುತ್ತಿದ್ದರು. ಹೆಗಲಲ್ಲಿ ಉದ್ದ ಹಿಡಿಯ ಸ್ಪ್ಯಾನರ್, ಕೈಯಲ್ಲಿ ಸುತ್ತಿಗೆ, ಕಂಕುಳಲ್ಲಿ ಸುತ್ತಿಟ್ಟ ಕೆಂಪು ಹಸಿರು ಬಾವುಟ. ಒಂದೊಂದೇ ಕ್ಲಿಪ್ಪಿಗೆ ಸುತ್ತಿಗೆ ತಾಗಿಸಿ ತಲೆ ಓರೆ ಮಾಡಿ ಕೇಳಿಸಿಕೊಳ್ಳುತ್ತಿದ್ದರು. ಕಿಟಕಿಯಿಂದ ಕೇಳಿದೆ, ಏನಣ್ಣ ಗೊತ್ತಾಗುತ್ತೆ ಅಂತ. "ಟಣ್ ಅಂದ್ರೆ ಬಿಗಿ ಐತೆ, ಟಪ್ ಅಂದ್ರೆ ಸಡಿಲ" ಅಂದು ಮುಂದೆ ಹೋದರು. ದಿನವೂ ಅಷ್ಟು ದೂರ, ಬಿಸಿಲಿರಲಿ ಮಳೆಯಿರಲಿ. ಹಳಿ ಒಡೆದದ್ದು ಕಂಡರೆ ಅವರು ಮಾಡಬೇಕಾದ್ದು ರೈಲು ಬರುವ ದಿಕ್ಕಿಗೆ ಓಡಿ, 600 ಮೀಟರ್‌ನಲ್ಲಿ ಒಂದು, 1,200 ಮೀಟರ್‌ನಲ್ಲಿ ಹತ್ತು ಹತ್ತು ಮೀಟರ್ ಬಿಟ್ಟು ಮೂರು ಡೆಟೊನೇಟರ್ ಹಳಿ ಮೇಲೆ ಕಟ್ಟುವುದು. ಎಂಜಿನ್ ಗಾಲಿ ಹತ್ತಿದರೆ ಅದು ಪಟಾಕಿಯ ಹಾಗೆ ಸಿಡಿಯುತ್ತದೆ, ಲೋಕೋ ಪೈಲಟ್ ನಿಲ್ಲಿಸುತ್ತಾರೆ. ಅವರು ಓಡಬೇಕಾದ ದೂರ ಇಷ್ಟು ಯಾಕೆಂದರೆ, ವೇಗದಲ್ಲಿರುವ ರೈಲಿಗೆ ಎಮರ್ಜೆನ್ಸಿ ಬ್ರೇಕ್ ಹಾಕಿದರೂ ನಿಲ್ಲಲು ಕಿಲೋಮೀಟರಿನಷ್ಟು ಜಾಗ ಬೇಕು. ನಮ್ಮನ್ನು ಕಾಯುವ ಈ ಜನರೇ ರೈಲಿನ ಅಡಿ ಸಿಕ್ಕಿ ಸಾಯುವುದೂ ಇದೆ.

ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಮಹಾಲೇಖಪಾಲರು (ಸಿಎಜಿ) 2022ರಲ್ಲಿ ಹಳಿ ತಪ್ಪುವಿಕೆಯ ಬಗ್ಗೆಯೇ ಒಂದು ವರದಿ ಕೊಟ್ಟರು. 2017-18ರಿಂದ 2020-21ರವರೆಗಿನ 217 ಗಂಭೀರ ಅಪಘಾತಗಳಲ್ಲಿ 163 ಹಳಿ ತಪ್ಪಿದ್ದೇ, ಅಂದರೆ ನಾಲ್ಕರಲ್ಲಿ ಮೂರು. ಹಳಿಯ ಮೇಲೆ ಓಡಿ ಅಳತೆ ತೆಗೆಯುವ ಗಾಡಿಗಳ ತಪಾಸಣೆಯಲ್ಲಿ ಕಡೇಪಕ್ಷ ಶೇ 30, ಕೆಲವು ಕಡೆ ಶೇ 100ರಷ್ಟು ಕೊರತೆ. ಸುರಕ್ಷತೆಗೆಂದೇ ತೆಗೆದಿಟ್ಟ 'ರಾಷ್ಟ್ರೀಯ ರೈಲ್ ಸಂರಕ್ಷಾ ಕೋಶ'ದ ದುಡ್ಡಿನಲ್ಲಿ ಕಾಲು ಒತ್ತುವ ಯಂತ್ರ, ಪಾತ್ರೆ ಪಡಗ ಕೊಂಡ ಉದಾಹರಣೆಗಳೂ ಅದರಲ್ಲಿದ್ದವು.

ಹಬ್ಬದ ಹೊತ್ತಲ್ಲೇ 'ಲೈನ್ ಬ್ಲಾಕ್' ಅಂತ ರೈಲು ರದ್ದು ಮಾಡುತ್ತಾರೆ. ಇದು ಸರೀನಾ?

ಈ ಪ್ರಶ್ನೆಗೆ ನನ್ನ ಉತ್ತರ ಯಾರಿಗೂ ಹಿಡಿಸುವುದಿಲ್ಲ. ಸರಿ. ಇನ್ನೂ ಹೆಚ್ಚು ಮಾಡಬೇಕು, ಮುಂಚೆಯೇ ಹೇಳಿ ಮಾಡಬೇಕು ಅಷ್ಟೇ.

ಹಳಿ ರಿಪೇರಿಗೆ ಹಳಿ ಖಾಲಿ ಇರಬೇಕು. ಜಲ್ಲಿ ಕುಟ್ಟಿ ಹಳಿ ಮಟ್ಟ ಮಾಡುವ ಹಳದಿ ಯಂತ್ರ ಒಂದು ಸಲ ಇಳಿದರೆ ಮೂರು ನಾಲ್ಕು ಗಂಟೆಯಾದರೂ ಬೇಕು. ಬರುವುದಕ್ಕೆ, ಹೋಗುವುದಕ್ಕೆ ಬೇರೆ ಸಮಯ. ನಮ್ಮ ಮುಖ್ಯ ಮಾರ್ಗಗಳಲ್ಲಿ ಹಳಿ ತಡೆಯುವುದಕ್ಕಿಂತ ಹೆಚ್ಚು ರೈಲು ಓಡುತ್ತಿವೆ. ಪ್ರತಿ ಬಜೆಟ್‌ನಲ್ಲೂ ಪ್ರತಿ ಸಂಸದರೂ ಒಂದು ಹೊಸ ರೈಲು ಕೇಳುತ್ತಾರೆ, ಕೊಟ್ಟರೆ ಹಸಿರು ಬಾವುಟ ತೋರಿಸಿ ಫೋಟೊ ತೆಗೆಸಿಕೊಳ್ಳುತ್ತಾರೆ. ಹಳಿಗೆ ಬಿಡುವು ಕೊಡಿ ಎಂದು ಕೇಳಿದ ಸಂಸದರನ್ನು ನಾನಂತೂ ನೋಡಿಲ್ಲ. ಬ್ಲಾಕ್‌ಗೆ ರಿಬ್ಬನ್ ಕತ್ತರಿಸಲು ಆಗುವುದಿಲ್ಲವಲ್ಲ.

ಒಂಟಿ ಹಳಿಯಲ್ಲಿ ಈ ಪಾಡು ಇನ್ನೂ ಕಷ್ಟ. ಮೈಸೂರು–ಹಾಸನ–ಅರಸೀಕೆರೆ, ಹಾಸನ–ಮಂಗಳೂರು, ಬೀರೂರು–ಶಿವಮೊಗ್ಗ–ತಾಳಗುಪ್ಪ ಇವೆಲ್ಲ ಒಂಟಿ ಹಳಿ. ಒಂದು ಗಂಟೆ ಬ್ಲಾಕ್ ಕೊಟ್ಟರೆ ಎರಡೂ ದಿಕ್ಕಿನ ರೈಲು ನಿಲ್ಲುತ್ತವೆ. ಜೊತೆಗೆ ಪ್ರತಿ ರೈಲೂ ಎದುರಿನದ್ದಕ್ಕೆ ದಾರಿ ಬಿಡಲು ಲೂಪಿಗೆ ಹೋಗಿ ನಿಲ್ಲಬೇಕು. ನಮ್ಮ ಕಡೆ ಜೋಡಿ ಹಳಿ ಬರುವ ಮುಂಚೆ ಅಮ್ಮಸಂದ್ರದಲ್ಲೋ ಬಾಣಸಂದ್ರದಲ್ಲೋ ಕ್ರಾಸಿಂಗ್ ಅಂತ ಅರ್ಧ ಗಂಟೆ ಕೂತು ಕಡ್ಲೆಕಾಯಿ ತಿನ್ನುತ್ತಿದ್ದೆವು, ಆಗ ಅದು ಬರೀ ಬೇಜಾರಿನ ವಿಷಯ ಅನ್ನಿಸುತ್ತಿತ್ತು. ಬಹನಾಗ, ಹೊಸದುರ್ಗ ರೋಡ್, 2024ರ ಅಕ್ಟೋಬರ್ 11ರಂದು ಮೈಸೂರು–ದರ್ಭಂಗಾ ರೈಲು ಲೂಪಿಗೆ ನುಗ್ಗಿ ನಿಂತ ಗೂಡ್ಸ್‌ಗೆ ಗುದ್ದಿದ ಚೆನ್ನೈ ಬಳಿಯ ಕವರೈಪೇಟೈ, ಇವುಗಳ ಹೆಸರು ಒಂದರ ಪಕ್ಕ ಒಂದಿಟ್ಟು ನೋಡಿದಾಗ ಗೊತ್ತಾಗುತ್ತದೆ: ಅಪಾಯ ಇರುವುದು ಹಳಿ ಕವಲೊಡೆಯುವ ಈ ಜಾಗಗಳಲ್ಲೇ. ಜೋಡಿ ಹಳಿಯಾದರೆ ಎದುರು ಬದುರು ಬರುವುದೇ ತಪ್ಪುತ್ತದೆ, ಒಂದು ಹಳಿಯನ್ನು ರಿಪೇರಿಗೆ ಬಿಟ್ಟು ಇನ್ನೊಂದರಲ್ಲಿ ಹೇಗೋ ಸಂಭಾಳಿಸಬಹುದು. 2025ರ ಜೂನ್‌ನಲ್ಲಿ ಬಳ್ಳಾರಿ–ಚಿಕ್ಕಜಾಜೂರು ನಡುವಿನ 185 ಕಿ.ಮೀ. ಜೋಡಿ ಹಳಿಗೆ ಕೇಂದ್ರ ಸಂಪುಟ ಒಪ್ಪಿದ್ದು ನನಗೆ ಯಾವುದೇ ಹೊಸ ರೈಲಿಗಿಂತ ದೊಡ್ಡ ಸುದ್ದಿ.

ವಂದೇ ಭಾರತ್ ಬಂದಿದೆಯಲ್ಲ, ಇನ್ನೇನು ಬೇಕು?

ಚೆನ್ನಾಗಿದೆ, ನಾನೂ ಹೋಗಿದ್ದೇನೆ. ಆದರೆ ಅದು ಎಷ್ಟು ವೇಗದಲ್ಲಿ ಓಡಬಲ್ಲದೋ ಅಷ್ಟು ಓಡುವುದಿಲ್ಲ, ಹಳಿ ಎಷ್ಟು ಬಿಡುತ್ತದೋ ಅಷ್ಟೇ. ಕೆಸರು ಗದ್ದೆಗೆ ರೇಸ್ ಕುದುರೆ ಬಿಟ್ಟ ಹಾಗೆ.

2012ರಲ್ಲಿ ಅಣುವಿಜ್ಞಾನಿ ಅನಿಲ್ ಕಾಕೋಡ್ಕರ್ ಸಮಿತಿ ಐದು ವರ್ಷದಲ್ಲಿ ಒಂದು ಲಕ್ಷ ಕೋಟಿ ರೂಪಾಯಿ ಸುರಕ್ಷತೆಗೆ ಹಾಕಿ ಎಂದಿತ್ತು. ಗೇಟುಗಳನ್ನೆಲ್ಲ ತೆಗೆದು ಸೇತುವೆ ಕಟ್ಟಿ, ಹಳೆ ಬೋಗಿ ಬಿಟ್ಟು ಹೊಸ ಮಾದರಿಗೆ ಬನ್ನಿ, ರೈಲ್ವೆಗೆ ಹೊರತಾದ ಕಾನೂನುಬದ್ಧ ಸುರಕ್ಷತಾ ಪ್ರಾಧಿಕಾರ ಮಾಡಿ ಎಂದೂ ಹೇಳಿತ್ತು. ಬೋಗಿಯ ಮಾತು ನಡೆಯಿತು. ಪ್ರಾಧಿಕಾರದ ಮಾತು ಅಲ್ಲೇ ಕೂತಿದೆ.

ಯಾವ ಬೋಗಿ ಸುರಕ್ಷಿತ? ಮಧ್ಯದ್ದಾ?

ಎಲ್‌ಎಚ್‌ಬಿ ಎಂಬ ಹೊಸ ಮಾದರಿಯ ಬೋಗಿಗಳು ಗುದ್ದಿದಾಗ ಒಂದರ ಮೇಲೊಂದು ಹತ್ತುವುದು ಕಡಿಮೆ. ಹಳೆ ನೀಲಿ ಬೋಗಿಗಳು ಒಂದರೊಳಗೊಂದು ತೂರಿಕೊಳ್ಳುತ್ತಿದ್ದವು. ಹಳೆ ಮಾದರಿಯ ತಯಾರಿಕೆ 2018ಕ್ಕೆ ನಿಂತಿತು. ಆದರೆ ಕೋರಮಂಡಲ್ ಕೂಡ ಎಲ್‌ಎಚ್‌ಬಿ ರೈಲೇ. ಆ ವೇಗಕ್ಕೆ ಅದೂ ಸಾಲಲಿಲ್ಲ.

ಮಧ್ಯದ ಬೋಗಿ ಮೇಲು ಅನ್ನುವುದು ನಿಜವೇ ಇರಬಹುದು, ಆದರೆ ಅದನ್ನು ಆರಿಸುವ ಅನುಕೂಲ ಎಲ್ಲರಿಗೂ ಇಲ್ಲ. ಜನರಲ್ ಬೋಗಿ ಇರುವುದೇ ಎಂಜಿನ್ನಿನ ಹಿಂದೆ, ಇಲ್ಲವೇ ರೈಲಿನ ಬಾಲದಲ್ಲಿ. ಗುದ್ದಿದರೆ ಮೊದಲು ನಜ್ಜುಗುಜ್ಜಾಗುವುದು ಅವೇ. ಅಲ್ಲಿ ಕೂತವರ ಹೆಸರು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಬಹನಾಗದಲ್ಲಿ ಸತ್ತ 28 ಮಂದಿಯ ಗುರುತು ನಾಲ್ಕು ತಿಂಗಳಾದರೂ ಹತ್ತದೆ, 2023ರ ಅಕ್ಟೋಬರ್‌ನಲ್ಲಿ ಭುವನೇಶ್ವರದಲ್ಲಿ ಅನಾಥ ಶವವೆಂದು ಸುಟ್ಟರು.

ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ ಮಳೆಗಾಲದಲ್ಲಿ ಹೋಗಬಹುದಾ?

ರೈಲು ಬಿಟ್ಟಿದ್ದಾರೆ ಅಂದರೆ ಹೋಗಬಹುದು. 55 ಕಿ.ಮೀ. ದಾರಿಯಲ್ಲಿ 57 ಸುರಂಗ, ಐವತ್ತಕ್ಕೆ ಒಂದರ ಇಳಿಜಾರು, ಎಡಕುಮರಿಯ ಆಚೆ ಈಚೆ ಒಂದು ಕಡೆ ಗುಡ್ಡ ಇನ್ನೊಂದು ಕಡೆ ಪ್ರಪಾತ. ರೈಲು ಇಲ್ಲಿ ಆಮೆಯಂತೆ ಹೋಗುತ್ತದೆ, ಹೋಗಲಿ. ಮಳೆಗಾಲದಲ್ಲಿ ಕುಸಿಯುವ ಜಾಗಗಳಲ್ಲಿ ಹಗಲು ರಾತ್ರಿ ಕಾವಲಿನವರು ಕೊಡೆ, ಟಾರ್ಚ್ ಹಿಡಿದು ಕೂತಿರುತ್ತಾರೆ. 2018ರ ಆಗಸ್ಟ್‌ನ ಮಳೆಗೆ ತಿಂಗಳಿಗೂ ಹೆಚ್ಚು ಕಾಲ ದಾರಿ ಮುಚ್ಚಿತ್ತು. 2024ರ ಜುಲೈ 26ರಂದು ಎಡಕುಮರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿತು. ಎರಡು ಸಲವೂ ಪ್ರಯಾಣಿಕರಿಗೆ ಅಪಾಯವಾಗಲಿಲ್ಲ. ಕೊಂಕಣ ರೈಲ್ವೆಯವರು ಈ ಪಾಠವನ್ನು ರಕ್ತ ಕೊಟ್ಟು ಕಲಿತರು: 2003ರ ಜೂನ್‌ನಲ್ಲಿ ವೈಭವವಾಡಿ ಬಳಿ, ಮರುವರ್ಷ ಜೂನ್‌ನಲ್ಲಿ ನಮ್ಮ ಮಂಗಳೂರಿನ ಮತ್ಸ್ಯಗಂಧ ರೈಲಿಗೆ, ಗುಡ್ಡ ಕುಸಿದು ಅಪಘಾತ. ಅಲ್ಲಿ ಈಗ ಮಳೆಗಾಲಕ್ಕೆ ಬೇರೆ ವೇಳಾಪಟ್ಟಿ, ಕಡಿಮೆ ವೇಗ, ಗುಡ್ಡಕ್ಕೆ ಬಲೆ. ಮುಂಬೈ ರೈಲು ಮಳೆಗಾಲದಲ್ಲಿ ಲೇಟು ಅಂತ ಗೊಣಗುವವರು ಇದನ್ನು ನೆನಪಿಡಲಿ.

ರೈಲಿನಲ್ಲಿ ಬೆಂಕಿ ಬಿದ್ದರೆ?

2013ರ ಡಿಸೆಂಬರ್ 28ರ ನಸುಕಿನಲ್ಲಿ ಬೆಂಗಳೂರು–ನಾಂದೇಡ್ ಎಕ್ಸ್‌ಪ್ರೆಸ್‌ನ ಎಸಿ ಬೋಗಿಯೊಂದು ಪುಟ್ಟಪರ್ತಿ ಬಳಿ ಹೊತ್ತಿ 26 ಜನ ಸತ್ತರು. ಎಸಿ ಬೋಗಿಯಲ್ಲಿ ಬೆಂಕಿಗಿಂತ ಹೊಗೆ ಮೊದಲು ಕೊಲ್ಲುತ್ತದೆ. ಆದ್ದರಿಂದ ರೈಲು ಹತ್ತಿದ ತಕ್ಷಣ ನಿಮ್ಮ ಬರ್ತ್‌ನಿಂದ ಬಾಗಿಲಿಗೆ ಎಷ್ಟು ಸಾಲು, ಎಮರ್ಜೆನ್ಸಿ ಕಿಟಕಿ ಯಾವುದು ಎಂದು ಒಂದು ಸಲ ನೋಡಿಟ್ಟುಕೊಳ್ಳಿ. ಹೊಗೆ ತುಂಬಿದರೆ ಬಗ್ಗಿ ಪಕ್ಕದ ಬೋಗಿಗೆ ಹೋಗಿ, ಸೂಟ್‌ಕೇಸ್ ಎಳೆಯುತ್ತಾ ಕೂರಬೇಡಿ. ಓಣಿಯಲ್ಲಿ ಮೂಟೆ ಜೋಡಿಸಿದವರಿಗೆ ಮುಖ ನೋಡದೆ ಬೈಯಿರಿ.

ಸ್ಟೌ, ಸಿಲಿಂಡರ್, ಪಟಾಕಿ ತರುವುದು ರೈಲ್ವೆ ಕಾಯ್ದೆಯ 164ನೇ ಕಲಂ ಪ್ರಕಾರ ಮೂರು ವರ್ಷದವರೆಗೆ ಜೈಲಿನ ಅಪರಾಧ. 2023ರ ಆಗಸ್ಟ್ 26ರಂದು ಮದುರೆಯಲ್ಲಿ ನಿಂತಿದ್ದ ಯಾತ್ರಿಕರ ಬೋಗಿಯಲ್ಲಿ ಒಂಬತ್ತು ಜನ ಬೆಂದುಹೋದದ್ದು ಒಳಗೆ ಗ್ಯಾಸ್ ಹಚ್ಚಿದ್ದರಿಂದ.

ಚೈನ್ ಎಳೆಯಬಹುದಾ?

ಬೆಂಕಿ, ಬಿದ್ದವರು, ಹಲ್ಲೆ, ಇಂಥದ್ದಕ್ಕೆ ಯೋಚಿಸದೆ ಎಳೆಯಿರಿ. ಮಾವ ಇನ್ನೂ ಆಟೊದಲ್ಲಿದ್ದಾರೆ ಅಂತ ಎಳೆದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ರೈಲ್ವೆ ಗೇಟ್‌ಗಳು ಈಗ ಸುರಕ್ಷಿತವೇ?

ಬ್ರಾಡ್‌ಗೇಜ್ ಹಳಿಗಳಲ್ಲಿ ಕಾವಲಿಲ್ಲದ ಗೇಟ್ 2019ರ ಜನವರಿ ಕೊನೆಗೆ ಪೂರ್ತಿ ಹೋದವು, ಅದು ದೊಡ್ಡ ಸಾಧನೆ. ಕಾವಲಿರುವ ಗೇಟ್‌ಗಳಲ್ಲೂ ಎರಡು ಬಗೆ. ಇಂಟರ್‌ಲಾಕ್ ಆದದ್ದು ಮುಚ್ಚದಿದ್ದರೆ ರೈಲಿಗೆ ಸಿಗ್ನಲ್ಲೇ ಬೀಳುವುದಿಲ್ಲ. ಇನ್ನೊಂದು ಬಗೆಯಲ್ಲಿ ಎಲ್ಲವೂ ಗೇಟ್‌ಮನ್‌ನ ಫೋನು, ನೆನಪು, ನಿದ್ದೆಯ ಮೇಲೆ ನಿಂತಿದೆ. 2025ರ ಜುಲೈ 8ರಂದು ತಮಿಳುನಾಡಿನ ಕಡಲೂರು ಬಳಿ ಶಾಲಾ ವ್ಯಾನಿಗೆ ರೈಲು ಬಡಿದು ಮೂರು ಮಕ್ಕಳು ಸತ್ತದ್ದು ಈ ಎರಡನೇ ಬಗೆಯ ಗೇಟಿನಲ್ಲಿ. ಗೇಟ್ ಮುಚ್ಚಿದಾಗ ಬೈಕ್ ಓರೆ ಮಾಡಿ ಕೆಳಗೆ ತೂರಿಸುವವರ ಬಗ್ಗೆ ನಾನೇನೂ ಬರೆಯುವುದಿಲ್ಲ, ಅವರು ಇದನ್ನೆಲ್ಲ ಓದುವುದಿಲ್ಲ.

ಅಪಘಾತವಾದರೆ ಪರಿಹಾರ ಎಷ್ಟು? ಟಿಕೆಟ್ ಕಳೆದಿದ್ದರೆ?

ಮೂರು ಬೇರೆ ಬೇರೆ ದುಡ್ಡು, ಜನ ಗೊಂದಲ ಮಾಡಿಕೊಳ್ಳುತ್ತಾರೆ. ಕಾನೂನಿನ ಪರಿಹಾರ ಸಾವಿಗೆ 8 ಲಕ್ಷ. 2017ರ ಜನವರಿ 1ಕ್ಕೆ ಮೊದಲು 4 ಲಕ್ಷವಿತ್ತು. ಇದನ್ನು ರೈಲ್ವೆ ಕ್ಲೇಮ್ಸ್ ಟ್ರಿಬ್ಯುನಲ್‌ನಲ್ಲಿ ಕೇಳಬೇಕು, ಬೆಂಗಳೂರಿನಲ್ಲಿ ಪೀಠವಿದೆ, ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ರೈಲ್ವೆಯ ತಪ್ಪು ಎಂದು ನೀವು ಸಾಬೀತು ಮಾಡಬೇಕಾಗಿಲ್ಲ. ಎರಡನೆಯದು ತಕ್ಷಣ ಕೊಡುವ ನೆರವು. 2023ರ ಸೆಪ್ಟೆಂಬರ್‌ನಿಂದ ರೈಲು ಅಪಘಾತದ ಸಾವಿಗೆ 5 ಲಕ್ಷ, ಗಂಭೀರ ಗಾಯಕ್ಕೆ ಎರಡೂವರೆ ಲಕ್ಷ, ಸಣ್ಣ ಗಾಯಕ್ಕೆ 50 ಸಾವಿರ. ಮೂರನೆಯದು ಆನ್‌ಲೈನ್ ಟಿಕೆಟ್ ಮಾಡುವಾಗ 45 ಪೈಸೆಗೆ ಸಿಗುವ ವಿಮೆ, ಸಾವಿಗೆ 10 ಲಕ್ಷ. ಅದನ್ನು ಟಿಕ್ ಮಾಡಿದರಷ್ಟೇ ಸಾಲದು, ಆಮೇಲೆ ಮೊಬೈಲಿಗೆ ಬರುವ ಲಿಂಕ್ ಒತ್ತಿ ನಾಮಿನಿ ಹೆಸರು ತುಂಬಬೇಕು. ಆ ಮೆಸೇಜನ್ನು ನಾವೆಲ್ಲ ಅಳಿಸಿಬಿಡುತ್ತೇವೆ.

ಓಡುವ ರೈಲಿನಿಂದ ಆಯತಪ್ಪಿ ಬಿದ್ದವರಿಗೂ ಕಾನೂನಿನ ಪರಿಹಾರ ಇದೆ. ಹತ್ತುವಾಗ ಇಳಿಯುವಾಗಿನ ಅಜಾಗರೂಕತೆಯನ್ನು ತಾನೇ ತಂದುಕೊಂಡ ಗಾಯ ಅನ್ನಲಾಗದು, ಹೆಣದ ಮೇಲೆ ಟಿಕೆಟ್ ಸಿಗಲಿಲ್ಲ ಎಂಬ ಒಂದೇ ಕಾರಣಕ್ಕೆ ಅರ್ಜಿ ತಳ್ಳಲಾಗದು ಎಂದು 2018ರ ರೀನಾದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕುಡಿದಿದ್ದರೆ ಕತೆ ಬೇರೆ.

ಹಳಿಯಲ್ಲಿ ಏನೋ ಸರಿಯಿಲ್ಲ ಅನ್ನಿಸಿದರೆ ಯಾರಿಗೆ ಹೇಳೋದು?

139ಕ್ಕೆ ಫೋನ್ ಮಾಡಿ, ಇಲ್ಲವೇ ರೈಲ್ ಮದದ್ ಆ್ಯಪ್‌ನಲ್ಲಿ ಹಾಕಿ. "ತುಮಕೂರು ಆದ ಮೇಲೆ ಎಲ್ಲೋ" ಎಂದರೆ ಯಾರೂ ಹುಡುಕಲಾರರು. ವಿದ್ಯುತ್ ಕಂಬಗಳ ಮೇಲೆ ಒಂದರ ಕೆಳಗೊಂದು ಎರಡು ಸಂಖ್ಯೆ ಬರೆದಿರುತ್ತಾರೆ: ಮೇಲಿನದು ಕಿಲೋಮೀಟರು, ಕೆಳಗಿನದು ಆ ಕಿಲೋಮೀಟರಿನಲ್ಲಿ ಎಷ್ಟನೇ ಕಂಬ ಅಂತ. ಅದನ್ನು ಹೇಳಿ, ರೈಲು ನಂಬರು, ಬೋಗಿ, ಸಮಯ ಹೇಳಿ.

ಹೋದ ವರ್ಷ ತಿಪಟೂರು ದಾಟಿದ ಮೇಲೆ ಒಂದು ಜಾಗದಲ್ಲಿ ಎರಡು ವಾರ ಒಂದೇ ಸಮ ಬೋಗಿ ಎಡಕ್ಕೆ ಎತ್ತಿ ಹಾಕಿದಂತಾಗುತ್ತಿತ್ತು. ಕಂಬದ ಸಂಖ್ಯೆ ಬರೆದುಕೊಂಡು ಹೇಳಿದೆ. ಮುಂದಿನ ಸೋಮವಾರ ಅಲ್ಲಿ ರೈಲು ನಡೆದ ಹಾಗೆ ಹೋಯಿತು. ಹಳಿ ಪಕ್ಕ ಹಳದಿ ತ್ರಿಕೋನ ಬೋರ್ಡಿನ ಮೇಲೆ 30 ಎಂದಿತ್ತು, ಅದರ ಆಚೆ ಹೊಸ ಜಲ್ಲಿಯ ರಾಶಿ, ನಾಲ್ಕೈದು ಜನ ಗ್ಯಾಂಗ್‌ಮನ್‌ಗಳು ಪಕ್ಕಕ್ಕೆ ಸರಿದು ನಿಂತಿದ್ದರು. ನನ್ನ ದೂರಿನಿಂದಲೋ, ಅವರಿಗೆ ಮೊದಲೇ ಗೊತ್ತಿತ್ತೋ. ಪಕ್ಕದ ಸೀಟಿನವರು ವಾಚ್ ನೋಡಿಕೊಂಡು "ಇವತ್ತೂ ಲೇಟು, ಥತ್" ಅಂದರು.